ದ್ವೀಪ ಬಿದ್ದ ಮೇಲೆ

ಇಕೋನಿಯದ ದಾರಿ,
ಸುಂಗುರ್ ಮಾವನ ಚಳಿಗಾಲದ ಬೀಡು,
ಸಂತ ದಿಮಿತ್ರಿಯ ಹಬ್ಬ ಕಳೆದ ವಾರ

ಮಗು ಪ್ರೊಕೋಪಿ,

ನೀನು ಯಾವ ಪಾಳೆಯದಲ್ಲಿದ್ದರೂ ಹೊಟ್ಟೆಗೆ ಬಿಸಿಯಾಗಿ ಏನಾದರೂ ಸಿಗುತ್ತಿರಲಿ, ಮೈಗೆ ಗಾಯವಾಗದಿರಲಿ ಎಂದು ಹಾರೈಸಿ ಅಮ್ಮ ಬರೆಯುತ್ತಿದ್ದೇನೆ. ಉಪ್ಪಿನ ವ್ಯಾಪಾರಿಯ ಹತ್ತಿರ ನೀನು ಬೇಸಿಗೆಯಲ್ಲೊಮ್ಮೆ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಇನ್ನೊಮ್ಮೆ ಹೇಳಿ ಕಳಿಸಿದ್ದು ನನಗೆ ತಲುಪಿತ್ತು. ಉತ್ತರ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾದ್ರಿಯ ಮಗಳಾಗಿ ಹುಟ್ಟಿ ಅಕ್ಷರ ಕಲಿತ ತಪ್ಪಿಗೆ ಊರವರ ಕಾಗದಗಳನ್ನೆಲ್ಲ ಬರೆದುಕೊಟ್ಟವಳು ನಾನು. ಸ್ವಂತ ಮಗನಿಗೆ ಬರೆಯಲು ಕೂತರೆ ನಿನ್ನ ಹೆಸರಿನಿಂದಾಚೆ ಲೇಖನಿ ಹೋಗುತ್ತಿರಲಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಮೊದಲು ಮನೆಯ ಸುದ್ದಿ. ಸರೋವರದ ನಡುವಿನ ನಮ್ಮ ದ್ವೀಪದಿಂದ ನಮ್ಮನ್ನು ಹೊರಡಿಸಿದಾಗ ಚಕ್ರವರ್ತಿಯ ಅಧಿಕಾರಿ ಎರಡು ದಾರಿ ತೋರಿಸಿದ. ಪಡುವಣಕ್ಕೆ ಬಂದರೆ ಎಲ್ಲಾದರೂ ನೆಲ ಕೊಡುತ್ತೇವೆ, ಬೇಡವೆಂದರೆ ನಿಮಗೆ ಅಷ್ಟು ಪ್ರೀತಿಯ ತುರ್ಕರ ಹತ್ತಿರವೇ ಹೋಗಿ ಸಾಯಿರಿ ಎಂದ. ಊರು ಅರ್ಧ ಅತ್ತ ಹೋಯಿತು, ಅರ್ಧ ಇತ್ತ ಬಂತು. ನಾವು ಇತ್ತ ಬಂದೆವು. ಸುಂಗುರ್ ಮಾವನ ಹೆಂಡತಿ ಐಕಿಜ್ ಅತ್ತೆ ತನ್ನ ಡೇರೆಯ ಪಕ್ಕದಲ್ಲೇ ನಮಗೊಂದು ಉಣ್ಣೆಯ ಡೇರೆ ಹಾಕಿಸಿಕೊಟ್ಟಿದ್ದಾಳೆ. ಒಳಗೆ ಬೆಚ್ಚಗಿದೆ, ಹೊಗೆ ಮಾತ್ರ ಕಣ್ಣಿಗೆ ಹತ್ತುತ್ತದೆ. ನಿನ್ನ ತಂಗಿ ಎವ್ಡೋಕಿ ಹೆಣ್ಣುಮಗು ಹೆತ್ತಳು. ಹಾಲು ಸಾಲುತ್ತಿರಲಿಲ್ಲ, ಐಕಿಜ್ ಒಂದು ಕರೆಯುವ ಮೇಕೆಯನ್ನು ತಂದು ನಮ್ಮ ಗೂಟಕ್ಕೇ ಕಟ್ಟಿದಳು. ಮಗು ಈಗ ಗುಂಡಗಿದೆ. ನಕ್ಕರೆ ಕೆನ್ನೆಯಲ್ಲಿ ನಿನ್ನದೇ ಗುಳಿ ಬೀಳುತ್ತದೆ. ಮೊದಲ ಸಲ ಅದನ್ನು ನೋಡಿ ನಾನು ಡೇರೆಯಿಂದ ಆಚೆ ಹೋಗಿ ಕೂತೆ.

ನಿಮ್ಮಪ್ಪನ ಮೊಣಕಾಲು ಊದಿದೆ. ಇಲ್ಲಿ ಮೀನೂ ಇಲ್ಲ, ನೀರೂ ಇಲ್ಲ, ಆದರೂ ದಿನವಿಡೀ ಹಳೆಯ ಬಲೆ ಬಿಚ್ಚಿ ಮತ್ತೆ ಹೆಣೆಯುತ್ತಾರೆ. ಯಾರ ಹತ್ತಿರವೂ ಮಾತು ಹೆಚ್ಚಿಲ್ಲ. ನಿನ್ನ ಹೆಸರು ಬಂದರೆ ಎದ್ದು ಹೋಗುತ್ತಾರೆ.

ನೀನು ವ್ಯಾಪಾರಿಯ ಹತ್ತಿರ ಹೇಳಿಸಿದ ಮಾತು ಒಂದೇ: “ಅಮ್ಮನಿಗೆ ನನ್ನ ಮೇಲೆ ಕೋಪವೇ ಅಂತ ಕೇಳು.” ಕೋಪವಲ್ಲ ಮಗು. ಕೋಪವಾಗಿದ್ದರೆ ಬಾಯಿ ತುಂಬ ಬೈದು, ಆಮೇಲೆ ಬಡಿಸಿ ಮುಗಿಸುತ್ತಿದ್ದೆ. ಇದು ನಾಚಿಕೆ. ಇದನ್ನು ಬೈದು ತೀರಿಸಿಕೊಳ್ಳಲು ಆಗುವುದಿಲ್ಲ. ನೀನು ಎಲ್ಲವನ್ನೂ ಆ ದಡದಿಂದ ನೋಡಿದವನು. ಈ ದಡದಲ್ಲಿ ಏನಾಯಿತು ಎಂದು ಹೇಳುತ್ತೇನೆ, ಕೊನೆಯವರೆಗೆ ಓದು.

ವಸಂತದಲ್ಲಿ ಚಕ್ರವರ್ತಿಯ ದಂಡು ಬಂದು ದಡದಲ್ಲಿ ಬೀಡುಬಿಟ್ಟಾಗ ನಾವು ಮೊದಲು ಹೆದರಲಿಲ್ಲ. ನಮ್ಮ ಮಾತಾಡುವವರು, ನಮ್ಮ ಶಿಲುಬೆ ಹೊತ್ತವರು, ನಮ್ಮನ್ನೇನು ಮಾಡುತ್ತಾರೆ ಎಂದುಕೊಂಡೆವು. ಎವ್ಡೋಕಿಯಂತೂ, ದಂಡು ಸೇರಲು ಊರು ಬಿಟ್ಟ ನೀನು ಅದರಲ್ಲಿರಬಹುದೆಂದು ಗೋಡೆ ಹತ್ತಿ ದಿನವೂ ನೋಡುತ್ತಿದ್ದಳು. ರಾಯಭಾರಿಯೊಬ್ಬ ದೋಣಿಯಲ್ಲಿ ಬಂದು, ಈ ಸರೋವರ ಹಿಂದಿನಿಂದಲೂ ರೋಮಿನ ಚಕ್ರವರ್ತಿಗಳದು, ದ್ವೀಪ ಬಿಟ್ಟುಕೊಡಿ, ತುರ್ಕರ ಸಂಗ ಬಿಡಿ ಎಂದ.

ಊರ ಯಜಮಾನ ಸ್ತವ್ರಾಕಿ ಕೈಕಟ್ಟಿಕೊಂಡೇ ಕೇಳಿದ: “ಸ್ವಾಮಿ, ನಮ್ಮಜ್ಜನ ಕಾಲದಿಂದ ಇಲ್ಲಿಗೆ ಯಾವ ಚಕ್ರವರ್ತಿಯೂ ಬಂದಿಲ್ಲ. ಬರಗಾಲದಲ್ಲಿ ಗೋಧಿ ಕೊಟ್ಟೋರು ಆಚೆ ದಡದ ತುರ್ಕರು. ಮಗಳ ಮದುವೆಗೆ ಕುರಿ ಕೊಟ್ಟೋರು ಅವರು. ಈಗ ಎದ್ದು ಬನ್ನಿ ಅಂದ್ರೆ ಹೆಂಗೆ?”

“ಅವರು ದೇವರ ಶತ್ರುಗಳು,” ಎಂದ ರಾಯಭಾರಿ.

“ಇರಬಹುದು ಸ್ವಾಮಿ. ನಮ್ಮ ಶತ್ರುಗಳಂತೂ ಅಲ್ಲ.”

ಎಲ್ಲರೂ ನಕ್ಕರು. ನಗಬಾರದಿತ್ತು. ಆ ಮನುಷ್ಯ ಕಿವಿಯವರೆಗೆ ಕೆಂಪಾಗಿ ದೋಣಿ ಹತ್ತಿದ.

ಸುಂಗುರ್ ಮಾವ ಆ ವಾರ ನಮ್ಮಲ್ಲೇ ಇದ್ದ. ಆಚೆ ದಡದ ತನ್ನ ತುರ್ಕರ ಬೀಡಿನಿಂದ ಮೂಟೆ ಗೋಧಿ ತಂದವನು, ದಡವನ್ನೆಲ್ಲ ದಂಡು ಸುತ್ತಿಕೊಂಡ ಮೇಲೆ ವಾಪಸು ಹೋಗಲಾಗದೆ ಉಳಿದಿದ್ದ. ಅವನೇ ನಿಮ್ಮಪ್ಪನಿಗೆ ಹೇಳಿದ: “ಸಿಸಿನಿಯೊಸಣ್ಣಾ, ನಮ್ಮ ದೆಸೆಯಿಂದ ನೀವು ಹಾಳಾಗಬೇಡಿ. ಕೊಟ್ಟುಬಿಡಿ. ನಾವು ಹುಲ್ಲಿನ ಹಿಂದೆ ಹೋಗೋ ಜನ, ನಮಗೆಲ್ಲಾದರೂ ಆಗುತ್ತೆ.”

ನಿಮ್ಮಪ್ಪ, “ನೀನು ಸುಮ್ನೆ ಊಟ ಮಾಡೋ. ಹೆಂಗಸರ ಹಂಗೆ ಮುಲುಗಬೇಡ,” ಎಂದು ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದರು.

ಮಾರನೆಯ ಬೆಳಿಗ್ಗೆ ನೀರಿನ ಮೇಲಿಂದ ಒಂದು ದನಿ ಬಂತು. ಎತ್ತರದ ದನಿ, ನಮ್ಮ ದ್ವೀಪದವರು ಮಾತ್ರ ಆಡುವ ಮಾತು. “ಅಪ್ಪಾ! ಸ್ತವ್ರಾಕಿ ಮಾಮಾ! ಬಾಗಿಲು ತೆಗೀರಿ! ಯಾರಿಗೂ ಏನೂ ಮಾಡಲ್ಲ ಅಂತ ಮಾತು ಕೊಟ್ಟಿದ್ದಾರೆ!” ನಾನು ಹಿಟ್ಟು ನಾದುತ್ತಿದ್ದೆ. ಐದು ವರ್ಷದ ಮೇಲೆ ಕೇಳಿದ ನಿನ್ನ ದನಿ ಅದು. ಹಿಟ್ಟಿನ ಕೈಯಲ್ಲೇ ಓಡಿದೆ, ಸಂತೋಷದಿಂದಲೇ ಓಡಿದೆ ಎಂದು ನಿನಗೆ ತಿಳಿದಿರಲಿ. ಗೋಡೆಯ ಮೇಲೆ ಊರೆಲ್ಲ ನಿಂತಿತ್ತು. ನಾನು ಹತ್ತಿದಂತೆ ಒಬ್ಬೊಬ್ಬರೇ ಸರಿದು ಜಾಗ ಬಿಟ್ಟರು. ಅದು ಗೌರವಕ್ಕೆ ಬಿಟ್ಟ ಜಾಗವಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಬಲೆಗಾರರ ಕಾಲಿ ಕೇಳಿದಳು, “ಏನ್ ಅಂಥೂಸಕ್ಕಾ, ಮಗ ಊರಿಗೆ ಬಂದಂಗೈತೆ. ಒಬ್ಬನೇ ಬರೋಕೆ ಹೆದರಿಕೆಯಾಗಿ ಇಷ್ಟೂ ಜನಾನ ಕರಕೊಂಡು ಬಂದನಾ?”

ಅವತ್ತಿನಿಂದ ಬಾವಿಯ ಹತ್ತಿರ ನಾನು ಹೋದರೆ ಹಗ್ಗ ನನ್ನ ಕೈಗೆ ಬರುವುದು ಎಲ್ಲರಾದ ಮೇಲೆಯೇ. ಸುಂಗುರ್ ಒಬ್ಬನೇ ಹೇಳಿದ್ದು: “ಹುಡುಗನ ತಪ್ಪೇನಮ್ಮಾ, ಅನ್ನ ಹಾಕಿದವರ ಮಾತನ್ನ ಕೂಗಿ ಹೇಳಿದಾನೆ. ದನಿ ಎಷ್ಟು ಗಟ್ಟಿಯಾಗಿದೆ ನೋಡು! ಕುದುರೆ ಮೇಲೆ ಕೂರಿಸಿದಾಗ ಅಳ್ತಿದ್ದನಲ್ಲ, ಅದೇ ಗಂಟಲು.”

ಆಮೇಲೆ ತೆಪ್ಪಗಳು ಬಂದವು. ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಕಲ್ಲೆಸೆಯುವ ಯಂತ್ರ ಕೂರಿಸಿದ್ದರು. ಬಂಡೆಗಳಿರುವ ಕಡೆಯಿಂದ ಬಂದಿದ್ದರೆ ಅಲ್ಲೇ ಒಡೆದುಹೋಗುತ್ತಿದ್ದವು. ಅವು ಜೊಂಡಿನ ನಡುವಿನ ಕಾಲುವೆಯಲ್ಲಿ, ನಮ್ಮ ಮೀನುಗಾರರು ಬರುವ ಹಾಗೆ, ಸಾಲಾಗಿ ಬಂದವು. ಆ ದಾರಿ ಹೊರಗಿನವರಿಗೆ ಗೊತ್ತಿಲ್ಲ. ಗೋಡೆಯ ಮೇಲೆ ಯಾರೂ ನನ್ನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ವಾಸಿಯಿತ್ತು. ನಿಮ್ಮಪ್ಪ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ ನಿಂತರು.

ಮಧ್ಯಾಹ್ನ ಕಳೆಯುತ್ತಿದ್ದಂತೆ ತೆಂಕಣ ಗಾಳಿ ಎದ್ದಿತು. ನಿನಗೆ ಆ ಗಾಳಿ ಗೊತ್ತು. ಅವತ್ತು ನೀನು ನಾಯಕರಿಗೆ ಬೇಡ ಬೇಡವೆಂದು ಹೇಳಿದ್ದೆ, ಅವರು ಕೇಳಲಿಲ್ಲ ಎಂದು ಆಮೇಲೆ ತಿಳಿಯಿತು, ಅದನ್ನು ನಂಬುತ್ತೇನೆ. ತೆಪ್ಪಗಳ ಹಗ್ಗ ಕಿತ್ತಿತು, ಯಂತ್ರಗಳು ಒಂದರ ಮೇಲೊಂದು ಉರುಳಿದವು, ಕಬ್ಬಿಣದ ಅಂಗಿ ತೊಟ್ಟವರು ಕಲ್ಲಿನ ಹಾಗೆ ಇಳಿದುಹೋದರು. ನಮ್ಮವರು ಗೋಡೆಯ ಮೇಲೆ ಕುಣಿದರು. ಹೌದು, ಕುಣಿದರು, ಮಡಕೆ ಬಡಿದರು. ಆಗ ನೀರಿನಿಂದ ಕೂಗು ಕೇಳಿಸಿತು: “ಕರ್ತನೇ ಕರುಣಿಸು, ಕರ್ತನೇ ಕರುಣಿಸು.” ಪ್ರತಿ ಭಾನುವಾರ ನಾವು ಹೇಳುವ ಅದೇ ಪ್ರಾರ್ಥನೆ, ಅದೇ ಭಾಷೆ. ಮಡಕೆಯ ಸದ್ದು ನಿಂತಿತು. ಆದರೆ ಯಾರೂ ಕದಲಲಿಲ್ಲ. ನಾನು ಮುಳುಗುತ್ತಿದ್ದ ಒಂದೊಂದು ತಲೆಯಲ್ಲೂ ನಿನ್ನ ಕೂದಲು ಹುಡುಕುತ್ತಿದ್ದೆ.

ಸುಂಗುರ್ ಮಾವನಿಗೆ ಈಜು ಬಾರದು. ನೀರೆಂದರೆ ಅವನಿಗೆ ಎಷ್ಟು ಭಯ ಎಂದು ನಿನಗೇ ಗೊತ್ತು, ದೋಣಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದವನು. ಅವನು ಗೋಡೆಯಿಂದ ಇಳಿದು, “ಏನ್ರೋ, ನೋಡ್ತಾ ನಿಂತಿದೀರಲ್ಲ! ಅವರು ನಿಮ್ಮೋರಲ್ವೇನ್ರೋ?” ಎಂದು ಕೂಗಿ ನಮ್ಮ ದೋಣಿಯನ್ನು ನೀರಿಗೆ ತಳ್ಳಿದ. ನಿಮ್ಮಪ್ಪ ಹಿಂದೆಯೇ ಓಡಿ ಹುಟ್ಟು ಹಿಡಿದರು. ಮತ್ತೆ ಯಾರೂ ಹೋಗಲಿಲ್ಲ. ಅಲೆಗಳ ನಡುವೆ ಹೋಗಿ ಕೈಗೆ ಸಿಕ್ಕವರನ್ನು ಕೂದಲು ಹಿಡಿದು, ನಡುಪಟ್ಟಿ ಹಿಡಿದು ಎಳೆದರು. ವಾಪಸು ಬರುವಾಗ ದೋಣಿ ಬಂಡೆಗೆ ಬಡಿದು ಒಡೆಯಿತು. ಬದುಕಿದವರಲ್ಲಿ ಕಾಲು ಮುರಿದ ಬಾರ್ದ ಎಂಬ ಸಿಪಾಯಿಯನ್ನು ನಮ್ಮ ಮನೆಗೆ ತಂದರು. ಸುಂಗುರ್ ತಾನೇ ಮೂಳೆ ಕೂರಿಸಿ ಕಟ್ಟು ಕಟ್ಟಿದ. ಬಾರ್ದ ನೋವಿಗೆ ಅವನಿಗೆ ಬಾಯಿಗೆ ಬಂದ ಹಾಗೆ ಬೈದ. “ಬೈಯಿ ಬೈಯಿ,” ಅಂತ ಸುಂಗುರ್ ನಗುತ್ತಿದ್ದ, “ನನಗೆ ನಿಮ್ಮ ಭಾಷೇಲಿ ಬೈಗುಳನೇ ಚೆನ್ನಾಗಿ ಅರ್ಥ ಆಗೋದು.”

ನಿಮ್ಮ ದಂಡು ಬಿಡಲಿಲ್ಲ. ಹೊಸ ತೆಪ್ಪಗಳನ್ನು ಕಟ್ಟಿ, ಗಾಳಿಯಿಲ್ಲದ ಒಂದು ಬೆಳಿಗ್ಗೆ ಬಂದು ಪೂರ್ವದ ಗೋಡೆ ಕೆಡವಿದರು. ಕಲ್ಲು ಬೀಳುವುದು ನಿಂತಾಗ ಸ್ತವ್ರಾಕಿಯೇ ಬಾಗಿಲು ತೆಗೆಸಿದ. ಎಲ್ಲರನ್ನೂ ದೋಣಿಗಟ್ಟೆಯ ಹತ್ತಿರ ಕುರಿಗಳ ಹಾಗೆ ಕೂಡಿಹಾಕಿದರು. ಅಲ್ಲಿ ಕೆಂಪು ಗಡ್ಡದ ಫ್ರಾಂಕ್ ನಾಯಕ ನಿಂತಿದ್ದ, ಸಂಬಳಕ್ಕೆ ಬಂದ ಪರದೇಶಿ, ನಮ್ಮ ಮಾತು ಅವನಿಗೆ ಒಂದಕ್ಷರವೂ ತಿಳಿಯದು. ಅವನ ಪಕ್ಕದಲ್ಲಿ, ಅವನ ಮಾತು ನಮಗೆ ಹೇಳಲು, ನಮ್ಮ ಮಾತು ಅವನಿಗೆ ಹೇಳಲು, ನೀನು.

ಎಷ್ಟು ಬೆಳೆದುಬಿಟ್ಟಿದ್ದೆ ಮಗು. ಭುಜ ನಿಮ್ಮಪ್ಪನದಕ್ಕಿಂತ ಅಗಲ. ಒಂದು ಕ್ಷಣ ನಾನು ಎಲ್ಲ ಮರೆತು ನೋಡಿದೆ.

ಸುಂಗುರ್‌ನನ್ನು ನಮ್ಮ ಮನೆಯಿಂದಲೇ ಎಳೆದು ತಂದರು. ನಾಯಕ ಏನೋ ಕೇಳಿದ, ನೀನು ನಮಗೆ ಹೇಳಿದೆ: “ಈ ತುರ್ಕ ಇಲ್ಲಿ ಏನು ಮಾಡ್ತಿದ್ದ ಅಂತ ಕೇಳ್ತಿದಾರೆ. ಬೇಹುಗಾರನಾ ಅಂತ.” ನೀನು ಸುಂಗುರ್‌ನ ಮುಖ ಬಿಟ್ಟು ಅವನ ಪಾದ ನೋಡುತ್ತಿದ್ದೆ.

ನಿಮ್ಮಪ್ಪ ಮುಂದೆ ನುಗ್ಗಿದರು. “ಬೇಹುಗಾರ ಅಲ್ಲ! ಗೋಧಿ ತಂದೋನು! ನಿಮ್ಮ ಸಿಪಾಯಿಗಳನ್ನ ನೀರಿಂದ ಎತ್ತಿದೋನು! ಹೇಳೋ ಪ್ರೊಕೋಪಿ, ಅವರಿಗೆ ಹೇಳು! ನಿನ್ನ ಮಾವ ಕಣೋ ಇವನು!” ನಾನೂ ಕೂಗಿದೆ. ಮೂರು ದಿನ ಜ್ವರದಲ್ಲಿ ನಿನ್ನನ್ನು ಕುದುರೆಯ ಮೇಲೆ ಎದೆಗವಚಿಕೊಂಡು ವೈದ್ಯನ ಹತ್ತಿರ ಒಯ್ದವನು ಇವನು ಎಂದು ಕೂಗಿದೆ. ನನ್ನ ಬಾಯಿಂದ ಏನೇನು ಬಂತೋ. ಕಾಲಿ ಕೂಡ, ನಮ್ಮನ್ನು ಕಂಡರಾಗದ ಕಾಲಿ ಕೂಡ, “ನಿಜ ಸ್ವಾಮಿ, ನಿಜ” ಎಂದು ಎದೆ ಬಡಿದುಕೊಂಡಳು.

ನಾಯಕ ನಿನ್ನ ಕಡೆ ತಿರುಗಿ ಏನೋ ಕೇಳಿದ. ನೀನು ಅವರ ಭಾಷೆಯಲ್ಲಿ ಎರಡೇ ಮಾತು ಹೇಳಿದೆ. ಅವನು ತಲೆಯಾಡಿಸಿದ.

ಸುಂಗುರ್ ನಿನ್ನನ್ನು ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಆಶ್ಚರ್ಯ, ಆಮೇಲೆ ಎಲ್ಲ ಅರ್ಥವಾದ ಹಾಗೆ ಕಣ್ಣು ಸಣ್ಣದಾಯಿತು. ತುರ್ಕಿಯಲ್ಲಿ, ಮೆಲ್ಲಗೆ, ನಿನಗೆ ಕೇಳಿಸುವಷ್ಟೇ ಗಟ್ಟಿಯಾಗಿ, “ಹೆದರಬೇಡ ಮಗಾ. ನಾನೂ ನಿನ್ನ ಎಲ್ಲೂ ನೋಡಿಲ್ಲ,” ಎಂದ. ಹತ್ತಿರ ನಿಂತಿದ್ದ ನನಗೂ ಕೇಳಿಸಿತು. ಆಮೇಲೆ ಅವನನ್ನು ಕಟ್ಟೆಯ ಆ ತುದಿಗೆ ಕರೆದೊಯ್ದರು. ನೀನು ಬೆನ್ನು ತಿರುಗಿಸಿದೆ. ನಾನು ತಿರುಗಿಸಲಿಲ್ಲ. ಅವನಿಗೆ ಕಾಣುವ ಹಾಗೆ ನಮ್ಮ ಜನದಲ್ಲಿ ಒಬ್ಬರಾದರೂ ನಿಂತಿರಬೇಕೆನಿಸಿತು.

ನೀನು ಏನು ಹೇಳಿದೆ ಎಂದು ನಮಗೆ ತಿಳಿದಿರಲಿಲ್ಲ. ಮಾರನೆಯ ದಿನ ಬಾರ್ದ ಹೇಳಿದ. ದೋಣಿಗಟ್ಟೆಯ ಎದುರಿಗೇ ಇರುವ ನಮ್ಮ ಮನೆಯ ಬಾಗಿಲ ಹತ್ತಿರ ಅವನ ಮಂಚವನ್ನು ಎಳೆದು ಹಾಕಿದ್ದೆವು, ಆಡಿದ್ದೆಲ್ಲ ಅವನಿಗೆ ಕೇಳಿಸಿತ್ತು, ಅವನಿಗೆ ಫ್ರಾಂಕರ ಮಾತು ಬರುತ್ತದೆ. ಗೋಡೆಗೆ ಮುಖ ಮಾಡಿ ಹೇಳಿದ: “ಅಮ್ಮಾ, ನಾಯಕ ‘ಇವರೇನು ಕೂಗ್ತಿದಾರೆ’ ಅಂತ ಕೇಳಿದ. ನಿಮ್ಮ ಮಗ ‘ಏನಿಲ್ಲ, ಅಳ್ತಿದಾರೆ’ ಅಂದ.” ಕಟ್ಟು ಕಟ್ಟಿದ ಕಾಲನ್ನು ಸವರುತ್ತಾ, “ನಾನೂ ಕೂಗಿ ಹೇಳಬಹುದಿತ್ತು. ಅಲ್ಲೇ ಇದ್ದೆ. ನನ್ನ ಕಾಲು ಕಟ್ಟಿದೋನು ಅಂತ ಒಂದು ಮಾತು. ಬಾಯಿ ಬರಲಿಲ್ಲ ಅಮ್ಮಾ,” ಎಂದು ಅಳತೊಡಗಿದ. ನಾನು ಅವನಿಗೆ ಗಂಜಿ ಕುಡಿಸಿದೆ. ಮತ್ತೇನು ಮಾಡಲಿ.

ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದುಕೊಳ್ಳಬೇಡ. ತನ್ನನ್ನು ನೋಡಲು ಬಂದ ಜೊತೆಗಾರರಿಂದ ಕೇಳಿ ಬಾರ್ದನೇ ಹೇಳಿದ, ತೆಪ್ಪಗಳು ಮುಳುಗಿದ ಮೇಲೆ ಪಾಳೆಯದಲ್ಲಿ ಎಲ್ಲರೂ ನಿನ್ನ ಕಡೆ ಬೆರಳು ತೋರಿಸುತ್ತಿದ್ದರಂತೆ. ದಾರಿ ತೋರಿಸಿದವನು ದ್ವೀಪದ ಹುಡುಗ, ತುರ್ಕರ ಮಡಿಲಲ್ಲಿ ಬೆಳೆದವನು, ಬೇಕೆಂದೇ ಗಾಳಿಗೆ ಸಿಕ್ಕಿಸಿದ ಎಂದು. ಆ ಮಾತಿನ ಮೇಲೆ ಈ ತುರ್ಕ ನನ್ನ ಮಾವ ಎಂದಿದ್ದರೆ ನಿನ್ನ ತಲೆಯೂ ಅದೇ ಕಟ್ಟೆಯ ಮೇಲೆ ಉರುಳುತ್ತಿತ್ತೇನೋ. ಹಾಗಾಗಲಿ ಎಂದು ಯಾವ ತಾಯಿ ಬಯಸುತ್ತಾಳೆ? ನೀನು ಬದುಕಿದ್ದೀಯ ಎಂದು ದಿನವೂ ದೇವರಿಗೆ ಕೈ ಮುಗಿಯುತ್ತೇನೆ. ಮುಗಿದ ಕೈ ಇಳಿಸುವಾಗ ಪಕ್ಕದ ಡೇರೆಯಲ್ಲಿ ಐಕಿಜ್ ಕುರಿಗಳನ್ನು ಕರೆಯುವುದು ಕೇಳಿಸುತ್ತದೆ. ಮೊದಲು ಆ ಕೆಲಸ ಸುಂಗುರ್‌ನದು.

ನಾಯಕನ ಜನ ಹೋದ ಮೇಲೆ ನಿಮ್ಮಪ್ಪ ಅವನ ದೇಹವನ್ನು ಹಾಯಿಬಟ್ಟೆಯಲ್ಲಿ ಸುತ್ತಿ, ಸ್ತವ್ರಾಕಿಯ ದೋಣಿಯಲ್ಲಿಟ್ಟುಕೊಂಡು, ಒಬ್ಬರೇ ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೋದರು. ಅವನನ್ನು ಅವನ ಜನದ ರೀತಿಯಲ್ಲೇ ಮಣ್ಣು ಮಾಡಿದರು.

ಮಗು, ನೀನು ಬರಬೇಕೋ ಬೇಡವೋ ಎಂದು ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ. ದಂಡಿನಲ್ಲಿ ಚಳಿಗೆ ಒದ್ದೆ ಬಟ್ಟೆಯಲ್ಲಿ ಮಲಗಬೇಡ. ಕುಡಿತ ಹೆಚ್ಚು ಮಾಡಿಕೊಳ್ಳಬೇಡ. ಇನ್ನೊಮ್ಮೆ ಯಾರಾದರೂ ನಿನ್ನ ಮುಂದೆ ನಿಂತು ಕೂಗಿಕೊಂಡರೆ ಅವರು ಏನು ಹೇಳುತ್ತಿದ್ದಾರೋ ಅದನ್ನೇ ಹೇಳು, ನಿನಗೇನಾದರೂ ಆಗಲಿ. ಇದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ದೇವಮಾತೆ ನಿನ್ನ ಬೆನ್ನಿಗಿರಲಿ. ನಿನ್ನ ಆಯುಸ್ಸು ಗಟ್ಟಿಯಾಗಿರಲಿ, ಮನಸ್ಸಿಗೆ ಎಲ್ಲಾದರೂ ನೆಮ್ಮದಿ ಸಿಗಲಿ.

ನಿನ್ನನ್ನು ಹೆತ್ತವಳು,
ಅಂಥೂಸ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಈ ಕಾಗದ ನಾನಾಗಿ ಬರೆಯುತ್ತಿರುವುದಲ್ಲ, ಐಕಿಜ್ ಅತ್ತೆಯ ಒತ್ತಾಯಕ್ಕೆ. ಹಬ್ಬದ ದಿನ ಬಂದು ನನ್ನ ಪಕ್ಕ ಕೂತು, “ಅಕ್ಕಾ, ಪ್ರೊಕೋಪಿಗೆ ಬರಿ. ನನ್ನ ಗಂಡನಿಗೋಸ್ಕರ ಅವನು ಆ ಫ್ರಾಂಕನ ಕಾಲು ಹಿಡಿದನಂತಲ್ಲ, ಒದೆ ತಿಂದನಂತಲ್ಲ. ಆ ಹುಡುಗನಿಗೆ ನಾನು ಒಂದು ಮಾತು ಹೇಳಲೇ ಇಲ್ಲ,” ಎಂದಳು. ನಾನು ನಿಮ್ಮಪ್ಪನ ಕಡೆ ನೋಡಿದೆ. ಅವರು ಬಲೆಯಿಂದ ತಲೆ ಎತ್ತಲಿಲ್ಲ. ದೇಹ ಒಯ್ದ ದಿನ ಅವರೇ ಹಾಗೆ ಹೇಳಿದ್ದು ಪ್ರೊಕೋಪಿ. ಜೀವಮಾನದಲ್ಲಿ ಒಂದು ಸುಳ್ಳು ಹೇಳದ ಮನುಷ್ಯ, ಅವಳ ಮುಖಕ್ಕೆ ನಿಜ ಹೇಳಲಾರದೆ. ಅವಳು ಅದನ್ನು ನಂಬಿ ನಮಗೆ ಡೇರೆ ಕೊಟ್ಟಳು, ಮೇಕೆ ಕೊಟ್ಟಳು. ಪ್ರಾರ್ಥನೆಯಲ್ಲಿ ತನ್ನ ಮಕ್ಕಳ ಹೆಸರಿನ ಜೊತೆ ನಿನ್ನ ಹೆಸರು ಹೇಳುತ್ತಾಳೆ. ವ್ಯಾಪಾರಿ ತರುವ ಗಂಟಿನಲ್ಲಿ ಉಣ್ಣೆಯ ಮೇಲಂಗಿಯೊಂದಿದೆ. ಈ ಚಳಿಗಾಲಕ್ಕೆಂದು ಸುಂಗುರ್‌ಗೆ ಅವಳು ಕೈಯಾರೆ ಮಾಡಿಟ್ಟದ್ದು, ನಿನಗೆ ಕಳಿಸಿದ್ದಾಳೆ. ಭುಜದ ಅಳತೆ ನನ್ನನ್ನು ಕೇಳಿದಳು, ನಾನು ಹೇಳಿದೆ, ಅವಳು ಹೊಲಿಗೆ ಬಿಚ್ಚಿ ಅಗಲ ಮಾಡಿದಳು. ತೊಟ್ಟುಕೋ ಎಂದು ನಾನು ಹೇಳಲಾರೆ. ಎಸೆ ಎಂದೂ ಹೇಳಲಾರೆ.